ಹಳೇ ಪಿಕಪ್ಪಿನ ಎಡಬಾಗಿಲು

ಲುಡ್ವಿಕ್ ಸೆಡ್ಲಾಚೆಕ್ ಜಲ್ಲಿರಸ್ತೆಯ ನಡುವೆ ಬೋರಲು ಬಿದ್ದಿದ್ದ. ಬೆಳಿಗ್ಗೆ ಚರ್ಚಿಗೆ ಹಾಕಿಕೊಂಡು ಹೋಗಿದ್ದ ಕರಿ ಕೋಟು ಮೈಮೇಲೇ ಇತ್ತು. ಟೋಪಿ ಚರಂಡಿ ಸೇರಿತ್ತು. ಅವನ ಹಸಿರು ಪಿಕಪ್ ಯಜಮಾನನನ್ನು ಬಿಟ್ಟು ಒಂದಷ್ಟು ದೂರ ಓಡಿ, ಕಟಾವಾದ ಮೆಕ್ಕೆಜೋಳದ ಹೊಲಕ್ಕೆ ನುಗ್ಗಿ ನಿಂತಿತ್ತು. ಎಂಜಿನ್ ಇನ್ನೂ ಗುರುಗುಡುತ್ತಿತ್ತು. ಎಡಗಡೆಯ ಬಾಗಿಲು ಅಗಲವಾಗಿ ತೆರೆದುಕೊಂಡಿತ್ತು.

ಡೆಪ್ಯುಟಿ ವ್ಲಾಸ್ತಾ ಬೆನೆಶ್ ಮೊಣಕಾಲೂರಿ ಕುತ್ತಿಗೆ ಮುಟ್ಟಿ ನೋಡಿದಳು. ನಾಡಿ ಇರಲಿಲ್ಲ. ಕತ್ತು ಮುರಿದಿತ್ತು.

"ಸೇತುವೆ ತಿರುವಲ್ಲಿ ಚಿಲಕ ಬಿಟ್ಕೊಂಡಿದೆ," ಎಂದ ಶೆರಿಫ್ ಡ್ವೇನ್ ಬಾರ್ಟಾ. "ಗಾಳಿ ಬಾಗಿಲನ್ನ ಎಳ್ಕೊಳ್ತು. ಬಾಗಿಲು ಇವನನ್ನ ಎಳ್ಕೊಳ್ತು. ಕಥೆ ಮುಗೀತು."

ಗಾಡಿ ಸಾವಿರದ ಒಂಬೈನೂರ ಮೂವತ್ತನಾಲ್ಕರದು. ಆ ಕಾಲದ ಪಿಕಪ್ಪಿಗೆ ಬಾಗಿಲು ತಿರುಗಾಮುರುಗಾ. ಬಿಜಾಗರಿ ಹಿಂದೆ, ಚಿಲಕ ಮುಂದೆ. ಓಡುವಾಗ ಚಿಲಕ ಬಿಟ್ಟರೆ ಗಾಳಿ ಸಂದಿನಲ್ಲಿ ನುಗ್ಗಿ ಬಾಗಿಲನ್ನು ಹಿಂದಕ್ಕೆ ಬಡಿಯುತ್ತದೆ. ಲುಡ್ವಿಕ್ ಕಿಟಕಿಯ ಮೇಲೆ ಮೊಣಕೈ ಊರಿ, ಅರ್ಧ ಮೈಭಾರ ಬಾಗಿಲ ಮೇಲೆ ಹಾಕಿಕೊಂಡು ಓಡಿಸುವವನು. ಊರಿಗೆಲ್ಲ ಗೊತ್ತಿದ್ದ ಭಂಗಿ ಅದು. ಸೀಟುಬೆಲ್ಟಂತೂ ಆ ಗಾಡಿಯ ಜನ್ಮದಲ್ಲೇ ಇರಲಿಲ್ಲ.

"ನಿನ್ನೆ ಬಾಗಿಲು ಕೂರಿಸಿದ್ದು ಯಾರು?" ಶೆರಿಫ್ ಕೇಳಿದ. ಉತ್ತರ ಗೊತ್ತಿದ್ದೇ ಕೇಳಿದ್ದು.

ನಿನ್ನೆ ಲಿಪೋವ್ ಊರಿನ ಸುಗ್ಗಿ ಮೆರವಣಿಗೆ. ನೆಬ್ರಾಸ್ಕಾದ ಈ ಮೂಲೆಯಲ್ಲಿ ಚೆಕ್ ಮಂದಿ ನೆಲೆಯೂರಿದ ಕಾಲದಿಂದ ನಡೆದುಬಂದ ಮೆರವಣಿಗೆ. ಅದರಲ್ಲಿ ಹಳೇ ಗಾಡಿಗಳೆಲ್ಲ ಬಾಗಿಲು ಕಳಚಿಕೊಂಡೇ ಹೊರಡಬೇಕು. ಬಾಗಿಲಿದ್ದರೆ ಮಿಠಾಯಿ ಎಸೆಯುವುದಕ್ಕೆ ಅಡ್ಡ, ಕುಣಿಯುವ ಹೆಂಗಸರು ಹತ್ತಿ ಇಳಿಯುವುದಕ್ಕೂ ಅಡ್ಡ. ಮೆರವಣಿಗೆ ಮುಗಿದ ಮೇಲೆ ಚರ್ಚಿನ ಹಿತ್ತಲಲ್ಲಿ ಸಾಲಾಗಿ ನಿಲ್ಲಿಸಿ ಬಾಗಿಲುಗಳನ್ನು ಮತ್ತೆ ಕೂರಿಸುತ್ತಾರೆ. ಆ ಕೆಲಸಕ್ಕೆ ಊರಿಗೆಲ್ಲ ಒಬ್ಬನೇ ಕೈ.

"ಮಿಲೋ," ಎಂದಳು ವ್ಲಾಸ್ತಾ.

ಅಲ್ಲಿದ್ದವರೆಲ್ಲ ಅವಳ ಮುಖ ನೋಡಿದರು. ನೋಡದೆ ಇರುತ್ತಾರೆಯೆ? ಮಿಲೋ ಬೆನೆಶ್ ಅವಳ ಮಾಜಿ ಗಂಡ. ಅವಳ ಅಮ್ಮನನ್ನು ಮಣ್ಣು ಮಾಡಿದ ದಿನವೇ ಅಕಾರ್ಡಿಯನ್ ನುಡಿಸುವ ಡಾರ್ಲೀನ್ ಜೊತೆ ಓಡಿಹೋಗಿದ್ದ ಮಹಾನುಭಾವ. ಡಾರ್ಲೀನ್ ಬೇಗ ಬುದ್ಧಿ ಕಲಿತು ಬಿಟ್ಟುಹೋದಳು. ಅವನು ಬಾಲ ಮುದುರಿಕೊಂಡು ಊರಿಗೆ ಬಂದ. ವ್ಲಾಸ್ತಾ ಅವನ ಹೆಸರನ್ನು ಮಾತ್ರ ಬಿಟ್ಟಿರಲಿಲ್ಲ. ಬ್ಯಾಡ್ಜ್ ಮೇಲೆ ಅದೇ ಹೆಸರಿತ್ತಲ್ಲ, ಬದಲಾಯಿಸುವುದು ರಗಳೆ ಅನ್ನುತ್ತಿದ್ದಳು.

ಲುಡ್ವಿಕ್‌ನ ಮಗ ವರ್ನನ್ ಹೊಲದ ಕಡೆಯಿಂದ ಓಡಿಬಂದ. ಕಣ್ಣು ಕೆಂಡವಾಗಿತ್ತು.

"ಆ ಕುಡುಕ ಮಿಲೋ ಸ್ಕ್ರೂ ಬಿಗಿ ಮಾಡಿಲ್ಲ! ಅವನ ಶೆಡ್ಡಿಗೆ ಬೆಂಕಿ ಇಡ್ತೀನಿ. ಅವನನ್ನ ಒಳಗೇ ಕೂರಿಸಿ ಇಡ್ತೀನಿ!"

"ವರ್ನನ್, ಬಾಯಿ ಮುಚ್ಚು," ಎಂದಳು ವ್ಲಾಸ್ತಾ. "ಪೊಲೀಸರ ಎದುರಿಗೆ ಬೆಂಕಿ ಮಾತು ಬೇಡ."

ಆದರೆ ಒಳಗೊಳಗೆ ಅವಳ ಹೊಟ್ಟೆ ತಣ್ಣಗಾಗಿತ್ತು. ಸುಳ್ಳು ಯಾಕೆ ಹೇಳಬೇಕು? ಆ ಮನುಷ್ಯನಿಗೆ ಕೋಳ ತೊಡಿಸುವ ದಿನಕ್ಕಾಗಿ ಅವಳು ಎಷ್ಟು ಸಲ ಹರಕೆ ಹೊತ್ತಿರಲಿಲ್ಲ!

*

ಕೋಳ ತೊಡಿಸಿಯೂ ಆಯಿತು. ಮಿಲೋ ಲಾಕಪ್ಪಿನ ಮಂಚದ ಮೇಲೆ ಕೂತಿದ್ದ. ಕೆನ್ನೆಯ ಮೇಲೆ ಗ್ರೀಸು.

"ಖುಷಿಯಾಯ್ತಾ?" ಎಂದ.

"ತುಂಬಾ," ಎಂದಳು ವ್ಲಾಸ್ತಾ. "ಈಗ ಹೇಳು. ಎಷ್ಟು ಬೀರು ಇಳಿಸಿದ್ದೆ?"

"ಬಾಗಿಲು ಕೂರಿಸೋವರೆಗೂ ಒಂದು ಹನಿ ಇಲ್ಲ. ಆಮೇಲೆ ಲೆಕ್ಕ ಇಲ್ಲ."

"ಚಿಲಕದ ತಟ್ಟೆ ಹಿಂದೆ ತಗಡು ಇರ್ಲಿಲ್ಲ. ಶೆರಿಫ್ ನೋಡಿದಾರೆ. ಚಿಲಕದ ನಾಲಿಗೆ ತುದೀಲಿ ಮಾತ್ರ ಸಿಕ್ಕೊಂಡಿತ್ತು."

ಬಾಗಿಲ ಚಿಲಕ ಬಂದು ಕಚ್ಚಿಕೊಳ್ಳುವುದು ಗಾಡಿಯ ಚೌಕಟ್ಟಿನ ಕಂಬದ ಮೇಲಿನ ಒಂದು ಉಕ್ಕಿನ ತಟ್ಟೆಯನ್ನು. ಹಳೇ ಗಾಡಿಗಳಲ್ಲಿ ಆ ತಟ್ಟೆ ಸವೆದಿರುತ್ತದೆ. ಹಿಂದೆ ತೆಳು ತಗಡು ಕೊಟ್ಟು ಅದನ್ನು ಬಾಗಿಲ ಕಡೆಗೆ ತಳ್ಳಬೇಕು. ಇಲ್ಲವಾದರೆ ಕಚ್ಚು ಸಡಿಲ.

ಮಿಲೋ ಎದ್ದು ನಿಂತ. "ಎರಡು ತಗಡು ಹಾಕಿದ್ದೆ. ಹಿತ್ತಾಳೆ ತಗಡು. ನಾನೇ ಕತ್ತರಿಸಿದ್ದು."

"ನೋಡಿದವರು?"

"ಯಾರು ನೋಡ್ತಾರೆ? ಬಾಗಿಲು ಹಿಡ್ಕೊಂಡಿದ್ದ ಇಬ್ರು ಹುಡುಗ್ರೂ ಕುಣಿಯೋ ಹುಡುಗೀರ ಕಡೆ ನೋಡ್ತಿದ್ರು. ನೀನಿದ್ದಿದ್ರೆ ನೋಡಿರ್ತಿದ್ದೆ."

ಆ ಮಾತು ಅವಳಿಗೆ ಚುಚ್ಚಿತು. ಸಂಸಾರ ಮಾಡಿದಷ್ಟು ಕಾಲವೂ ಅವನು ಕಳಚಿ ಕೂರಿಸಿದ ಬಾಗಿಲುಗಳಿಗೆಲ್ಲ ಕೆಳಗಿನಿಂದ ಹೆಗಲು ಕೊಟ್ಟವಳು ಅವಳೇ. ಬಾಗಿಲು ಒಬ್ಬರ ಕೆಲಸವಲ್ಲ. ಒಬ್ಬರು ಭಾರ ಹೊರಬೇಕು, ಇನ್ನೊಬ್ಬರು ಬಿಜಾಗರಿಗೆ ಬೋಲ್ಟು ತೂರಿಸಬೇಕು. ಹೊತ್ತವಳ ಬೆನ್ನು ನೋಯುತ್ತದೆ, ತೂರಿಸಿದವನಿಗೆ ಹೆಸರು ಬರುತ್ತದೆ.

"ಲುಡ್ವಿಕ್ ನಿನ್ನೆ ಎಲ್ಲರ ಎದುರಿಗೆ ನಿನ್ನ ಮರ್ಯಾದೆ ಕಳೆದನಂತೆ?"

"ಬಾಗಿಲ ಸಂದು ನಿನ್ನ ಬಾಯಿ ಥರ ಇದೆ ಕಣೋ, ಮುಚ್ಚೋದೇ ಇಲ್ಲ ಅಂದ. ನಗಾಡಿದ್ರು. ಅಷ್ಟಕ್ಕೆ ಯಾರಾದ್ರೂ ಕೊಲೆ ಮಾಡ್ತಾರಾ? ಹಂಗಿದ್ರೆ ನೀನು ನನ್ನ ಎಷ್ಟು ಸಲ ಕೊಲ್ಬೇಕಿತ್ತು!"

"ಲೆಕ್ಕ ಇಟ್ಟಿದೀನಿ," ಎಂದು ವ್ಲಾಸ್ತಾ ಹೊರಗೆ ನಡೆದಳು.

ಶೆರಿಫ್ ಹೊರಗೆ ಕಾಫಿ ಹೀರುತ್ತಿದ್ದ. "ನಾಳೆ ಮಧ್ಯಾಹ್ನ ಜಡ್ಜ್ ಮುಂದೆ ನಿಲ್ಲಿಸ್ತೀನಿ. ಅಜಾಗರೂಕತೆಯಿಂದ ಸಾವು. ವರ್ಷಗಟ್ಟಲೆ ಒಳಗಿರ್ತಾನೆ. ನಿಂಗೆ ಇದಕ್ಕಿಂತ ಒಳ್ಳೇ ಕ್ರಿಸ್ಮಸ್ ಉಡುಗೊರೆ ಬೇಕಾ?"

*

ಪಿಕಪ್ಪನ್ನು ಎಳೆದು ತಂದು ಠಾಣೆಯ ಹಿತ್ತಲಲ್ಲಿ ನಿಲ್ಲಿಸಿದ್ದರು. ವ್ಲಾಸ್ತಾ ಟಾರ್ಪಾಲು ಸರಿಸಿದಳು. ಮನಸ್ಸಿನಲ್ಲಿ ಒಂದೇ ಆಸೆ. ಮಿಲೋ ತಪ್ಪು ಮಾಡಿದ್ದಾನೆ ಎನ್ನುವುದಕ್ಕೆ ಕಣ್ಣಾರೆ ಕಂಡ ಸಾಕ್ಷಿ ಬೇಕು. ಆಮೇಲೆ ಕರುಣೆಗಿರುಣೆ ಏನೂ ಇಲ್ಲ.

ಎಡಗಂಬದ ಮುಂದೆ ಕುಕ್ಕರುಗಾಲಲ್ಲಿ ಕೂತಳು. ತಟ್ಟೆಗೆ ನಾಲ್ಕು ಸ್ಕ್ರೂ. ಹಳೇ ಕಾಲದವು, ತಲೆಯಲ್ಲಿ ಒಂದೇ ಗೀರು. ಬಿಗಿಯಾಗಿಯೇ ಇದ್ದವು. ಗೀರುಗಳೆಲ್ಲ ಮೇಲಿಂದ ಕೆಳಕ್ಕೆ ನೆಟ್ಟಗೆ, ಒಂದಕ್ಕೊಂದು ಸಮನಾಗಿ ನಿಂತಿದ್ದವು.

"ನೋಡು, ಎಷ್ಟು ನೀಟಾದ ಕೆಲಸ," ಶೆರಿಫ್ ಹಿಂದೆ ಬಂದು ನಿಂತಿದ್ದ. "ಯಾರೋ ಕದ್ದು ಕೈ ಹಾಕಿದ್ರೆ ಹಿಂಗಿರ್ತಿತ್ತಾ? ಸ್ಕ್ರೂ ತಲೆ ಕಿತ್ತೋಗಿರ್ತಿತ್ತು. ತಗಡು ಹಾಕೋದು ಮರೆತ, ಅಷ್ಟೇ."

ವ್ಲಾಸ್ತಾ ಆ ಗೀರುಗಳನ್ನು ಮತ್ತೊಮ್ಮೆ ನೋಡಿದಳು. ಎದ್ದಳು. ಸುತ್ತು ಹಾಕಿ ಬಲಗಡೆ ಬಾಗಿಲು ತೆರೆದಳು. ಅದೂ ನಿನ್ನೆ ಅದೇ ಮಿಲೋ ಅದೇ ಹೊತ್ತಿನಲ್ಲಿ ಕೂರಿಸಿದ ಬಾಗಿಲು. ಅಲ್ಲಿಯೂ ನಾಲ್ಕು ಸ್ಕ್ರೂ. ಒಂದರ ಗೀರು ಅಡ್ಡಕ್ಕೆ, ಒಂದರದು ಎಡಕ್ಕೆ ಓರೆ, ಇನ್ನೊಂದು ಬಲಕ್ಕೆ ಓರೆ, ಮತ್ತೊಂದು ಎತ್ತಲೋ. ಬಿಗಿ ಮಾತ್ರ ಕಲ್ಲಿನಂತೆ. ತಟ್ಟೆಯ ಹಿಂದೆ ಹಿತ್ತಾಳೆ ತಗಡಿನ ಅಂಚು ಮಿಣುಕುತ್ತಿತ್ತು.

"ಸಾರ್, ಇದು ಮಿಲೋ ಕೈ," ಎಂದಳು. "ಬಿಗಿ ಮಾಡ್ತಾನೆ. ಗೀರು ಎತ್ತ ನಿಂತಿತು ನೋಡಲ್ಲ. ನಮ್ಮನೇಲಿ ಒಂದು ಕಪಾಟಿನ ಹಿಡಿ ಕೂಡ ನೆಟ್ಟಗೆ ಹಾಕ್ದವನಲ್ಲ ಅವನು. ಆ ಕಡೇದು ಅವನ ಕೈಯಲ್ಲ."

"ಅಂದ್ರೆ?"

"ಅವನ ನಂತರ ಯಾರೋ ಬಿಚ್ಚಿದ್ದಾರೆ. ತಗಡು ತೆಗೆದು, ತಟ್ಟೇನ ಕೂದಲೆಳೆಯಷ್ಟು ಹೊರಗೆ ಸರಿಸಿ, ಮತ್ತೆ ಬಿಗಿದಿದ್ದಾರೆ."

ಬಾರ್ಟಾ ನಕ್ಕ. "ಸ್ಕ್ರೂ ಗೀರು ನೋಡಿ ಗಂಡನ್ನ ಬಿಡಿಸ್ಕೊಳ್ತೀಯಾ? ಜಡ್ಜ್ ನಗ್ತಾರೆ."

"ಮಾಜಿ ಗಂಡ," ಎಂದಳು ವ್ಲಾಸ್ತಾ. ಅವಳಿಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಅವಳಿಗೇ ಗೊತ್ತಿರಲಿಲ್ಲ. ಆ ಮನುಷ್ಯ ಕೊಟ್ಟ ನೋವಿಗೆ ಜೈಲೇ ಸರಿ. ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಬೇರೆ ಯಾರದೋ ಪಾಪಕ್ಕೆ ಅವನು ಒಳಗೆ ಹೋದರೆ, ಅವಳ ಲೆಕ್ಕ ತೀರುವುದು ಹೇಗೆ?

*

ಮೊದಲ ಅನುಮಾನ ವರ್ನನ್ ಮೇಲೆ. ಭಾನುವಾರ ಬೆಳಿಗ್ಗೆ ಪೂಜೆಗೆ ಮುಂಚೆ ಅವನು ಸ್ಕ್ರೂಡ್ರೈವರ್ ಹಿಡಿದು ಪಿಕಪ್ ಸುತ್ತ ಓಡಾಡಿದ್ದನ್ನು ನೋಡಿದವರಿದ್ದರು. ಹೊಲ ಹಂಚಿಕೊಡು ಎಂದು ಅಪ್ಪನ ಜೊತೆ ಜಗಳವೂ ಇತ್ತು.

"ಬಾವುಟ ಬಿಚ್ಚುತ್ತಿದ್ದೆ," ಎಂದ ವರ್ನನ್. "ಮೆರವಣಿಗೆಗೆ ಮುಂದಿನ ಮಡ್‌ಗಾರ್ಡಿಗೆ ಎರಡು ಬಾವುಟ ಸಿಕ್ಸಿದ್ವಲ್ಲ."

"ಎಲ್ಲಿ ತೋರ್ಸು."

ಬಾವುಟದ ಹಿಡಿಕೆಗಳು ಅವನ ಅಂಗಳದಲ್ಲಿ ಬಿದ್ದಿದ್ದವು. ಸ್ಕ್ರೂ ತಲೆಗಳನ್ನು ಹೆಗ್ಗಣ ತಿಂದ ಹಾಗೆ ಅಗಿದು ಹಾಕಿದ್ದ. ಮಡ್‌ಗಾರ್ಡಿನ ಬಣ್ಣವೂ ನಾಲ್ಕು ಕಡೆ ಗೀಚಿ ಹೋಗಿತ್ತೆಂಬುದು ಅವಳಿಗೆ ನೆನಪಾಯಿತು.

ಈ ಕೈಯಿಂದ ಆ ಕೆಲಸ ಸಾಧ್ಯವಿಲ್ಲ. ಏಳು ಜನ್ಮ ಎತ್ತಿದರೂ ಇಲ್ಲ.

"ಶನಿವಾರ ರಾತ್ರಿ ಗಾಡಿ ಎಲ್ಲಿತ್ತು?"

"ಚರ್ಚಿನ ಹಿತ್ತಲಲ್ಲೇ. ಅಪ್ಪ ಕುಣಿತದ ಹಾಲ್‌ನಲ್ಲಿ ಕುಡಿದಿದ್ರು. ನಾನೇ ನನ್ನ ಕಾರಲ್ಲಿ ಮನೆಗೆ ಕರ್ಕೊಂಡ್ ಹೋದೆ." ವರ್ನನ್‌ನ ದನಿ ಒಡೆಯಿತು. "ನಾನು ಓಡಿಸ್ತೀನಿ ಅಂದ್ರೆ ಬಿಡ್ತಿರ್ಲಿಲ್ಲ ಕಣೇ. ಆ ಗಾಡಿ ಅಂದ್ರೆ ಪ್ರಾಣ."

*

ಸೋಮವಾರ ಬೆಳಿಗ್ಗೆ ಫಾದರ್ ಹೈನೆಕ್ ಚರ್ಚಿನಲ್ಲಿ ಹೂದಾನಿಗಳ ನೀರು ಬದಲಾಯಿಸುತ್ತಿದ್ದರು. ದಪ್ಪ ಮನುಷ್ಯ, ಮಾತಿಗೆ ಬರ ಇಲ್ಲ.

"ಶನಿವಾರ ಸಂಜೆ ಪೂಜೆ ಅರ್ಧದಲ್ಲಿದ್ದೆ," ಎಂದರು. "ಹಿತ್ತಲಿಂದ ಧಡಾರ್! ಕಿಟಕಿ ಗಾಜು ಅದುರ್ತು. ಮತ್ತೆ ಧಡಾರ್! ಲುಡ್ವಿಕ್ ಪಿಕಪ್ಪಿನ ಬಾಗಿಲು ಹಾಕಿ ತೆಗೆದು ಜಂಬ ತೋರಿಸ್ತಿದ್ದ. ಹೊಸ ರಬ್ಬರ್ ಪಟ್ಟಿ, ಜೋರಾಗಿ ಬಡಿದ್ರೇನೇ ಕೂರೋದು ಅಂದ. ಆಮೇಲೆ ಚೆನ್ನಾಗಿ ಉಗಿದೆ ಅವನಿಗೆ."

"ಭಾನುವಾರ?"

"ಭಾನುವಾರ ಪುಣ್ಯಾತ್ಮ ಮೆತ್ತಗೆ ಹಾಕ್ದ. ನಾನು ಬಾಗಿಲಲ್ಲೇ ನಿಂತು ಎಲ್ಲರ ಕೈ ಕುಲುಕ್ತಿದ್ದೆ. ಕ್ಲಿಕ್ ಅಂತು, ಅಷ್ಟೇ. ನೋಡಿ ಫಾದರ್, ರಬ್ಬರ್ ಒಂದೇ ರಾತ್ರೀಲಿ ಪಳಗಿಬಿಡ್ತು ಅಂತ ಕೂಗಿ ಹೇಳ್ದ. ಪಾಪ, ಅದೇ ಕೊನೇ ಮಾತು."

ವ್ಲಾಸ್ತಾ ಹತ್ತಿರದ ಬೆಂಚಿನ ಮೇಲೆ ಕೂತಳು. ಹೊಸ ರಬ್ಬರ್ ಒಂದು ರಾತ್ರಿಯಲ್ಲಿ ಪಳಗುವುದಿಲ್ಲ. ವಾರಗಟ್ಟಲೆ ಬೇಕು. ಶನಿವಾರ ಬಡಿದರೆ ಮಾತ್ರ ಕೂರುತ್ತಿದ್ದ ಬಾಗಿಲು ಭಾನುವಾರ ಬೆರಳಲ್ಲಿ ತಳ್ಳಿದರೆ ಕೂತಿತು ಅಂದರೆ, ತಟ್ಟೆ ಜಾಗ ಬಿಟ್ಟಿತ್ತು. ಮಿಲೋ ಬಾಗಿಲು ಬಿಗಿಯಾಗಿಯೇ ಕೂರಿಸಿದ್ದ. ಅದನ್ನು ಕೆಡಿಸಿದವರು ಆ ರಾತ್ರಿ ಚರ್ಚಿನ ಹಿತ್ತಲಿಗೆ ಬಂದಿದ್ದರು.

ಯಾರು? ಕೆಡಿಸುವ ಕೆಲಸವನ್ನೂ ಇಷ್ಟು ಚಂದವಾಗಿ ಮಾಡುವವರು ಈ ಊರಿನಲ್ಲಿ ಯಾರಿದ್ದಾರೆ?

ಕೆಳಗೆ ನೋಡಿದಳು. ಮಂಡಿಯೂರುವ ಹಲಗೆ ಮಡಚಿ ನಿಂತಿತ್ತು. ಅದರ ಬಿಜಾಗರಿಗೆ ಸ್ಕ್ರೂಗಳು. ಗೀರುಗಳೆಲ್ಲ ನೆಟ್ಟಗೆ, ಮೇಲಿಂದ ಕೆಳಕ್ಕೆ. ಮುಂದಿನ ಬೆಂಚು ನೋಡಿದಳು. ಅದೂ ಹಾಗೇ. ಅದರ ಮುಂದಿನದೂ. ಎದ್ದು ಹೋಗಿ ಪಾಪನಿವೇದನೆಯ ಗೂಡಿನ ಬಾಗಿಲು ನೋಡಿದಳು. ಕಾಣಿಕೆ ಪೆಟ್ಟಿಗೆ ನೋಡಿದಳು. ಹುಟ್ಟಿದಾಗಿನಿಂದ ಮಂಡಿಯೂರಿ ಎದ್ದ ಜಾಗ. ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ.

"ಏನು ಹುಡುಕ್ತಿದೀಯಮ್ಮಾ?" ಫಾದರ್ ಕೇಳಿದರು.

"ಬೆಂಚುಗಳೆಲ್ಲ ಗಟ್ಟಿಯಾಗಿವೆ ಫಾದರ್."

"ನಮ್ಮ ಓಟೊ ಕೈಯಲ್ವಾ! ಬಡಗಿ ಅಂದ್ರೆ ಹಂಗಿರ್ಬೇಕು."

*

ಓಟೊ ಹ್ಲಾವ್ಕಾ. ಊರಿನ ಹಿರಿಯ ಬಡಗಿ, ಚರ್ಚಿನ ಬೀಗದ ಕೈ ಇಟ್ಟುಕೊಂಡವನು. ಹೆಂಡತಿ ಸತ್ತು ಎಷ್ಟೋ ಕಾಲವಾಗಿತ್ತು. ಒಬ್ಬನೇ ಮಗ ಬೋಹುಶ್, ಹದಿನಾರು ತುಂಬಿದಾಗ ಲುಡ್ವಿಕ್‌ನ ಇದೇ ಪಿಕಪ್ಪಿನಿಂದ ಬಿದ್ದು ಸತ್ತಿದ್ದ. ಆಗ ಅದು ಹೊಲದ ದುಡಿಯುವ ಗಾಡಿ. ಹುಡುಗ ಬಲಗಡೆ ಕೂತು ಕಾಳು ಸಾಗಿಸಲು ಹೋಗಿದ್ದ. ಆಟಕ್ಕೆ ಬಾಗಿಲ ಹಿಡಿ ತಿರುಗಿಸಿದ, ಬಿದ್ದ ಅಂತ ಲುಡ್ವಿಕ್ ಪ್ರಮಾಣ ಮಾಡಿ ಹೇಳಿದ್ದ. ವಿಚಾರಣೆಯಲ್ಲಿ ತೀರ್ಪೂ ಹಾಗೇ ಬಂದಿತ್ತು. ಓಟೊ ಜಗಳದ ಮಾತು ಎತ್ತಿರಲಿಲ್ಲ, ಆ ಗಾಡಿಯನ್ನು ಮಾತ್ರ ಇನ್ನು ಮುಟ್ಟುವುದಿಲ್ಲ ಎಂದು ಎಲ್ಲರಿಗೂ ಹೇಳಿದ್ದ. ಪ್ರತಿ ಭಾನುವಾರ ಪೂಜೆಯಲ್ಲಿ ಶಾಂತಿ ಕೋರಿ ಲುಡ್ವಿಕ್‌ನ ಕೈಯನ್ನೂ ಕುಲುಕುತ್ತಿದ್ದ. ಊರೆಲ್ಲ ಸಂತ ಅನ್ನುತ್ತಿತ್ತು.

ಅಷ್ಟು ಕಾಲ ಸುಮ್ಮನಿದ್ದವನು ಈಗೇಕೆ?

ವ್ಲಾಸ್ತಾ ಲಾಕಪ್ಪಿಗೆ ಹೋದಳು.

"ಮಿಲೋ, ಆ ಪಿಕಪ್ಪನ್ನ ಪೂರ್ತಿ ಬಿಚ್ಚಿ ಹೊಸದು ಮಾಡ್ದೆಯಲ್ಲ, ಹೋದ ಚಳಿಗಾಲ. ಬಲಗಡೆ ಬಾಗಿಲಲ್ಲಿ ಏನಾದ್ರೂ ವಿಚಿತ್ರ ಸಿಕ್ತಾ?"

ಮಿಲೋ ನಕ್ಕ. "ನಿಂಗೂ ಗೊತ್ತಾ? ಹೋಟ್ಲಲ್ಲಿ ಎಲ್ರಿಗೂ ಹೇಳಿ ನಗಿಸಿದ್ನಲ್ಲ! ಬಾಗಿಲು ಇಳಿಸಿ, ಒಳಗಿನ ತಗಡು ಬಿಚ್ಚಿದ್ರೆ, ಹಿಡಿಗೂ ಚಿಲಕಕ್ಕೂ ಮಧ್ಯೆ ಇರ್ಬೇಕಾದ ಸರಳೇ ಇಲ್ಲ. ತುಂಡಾಗಿ ಬಿದ್ದೋಗಿದೆ. ಮುದುಕ ಚಿಲಕಕ್ಕೆ ಹುಲ್ಲು ಕಟ್ಟೋ ತಂತಿ ಸುತ್ತಿ ಬಿಗಿದಿದ್ದ. ತಂತಿ ತುಕ್ಕು ಹಿಡಿದು ಕಿತ್ತೋಗಿ ಎಷ್ಟು ಕಾಲ ಆಗಿತ್ತೋ! ಕೋಟ್ಯಧೀಶ ಸೆಡ್ಲಾಚೆಕ್ ತಂತಿ ಮೇಲೆ ಸವಾರಿ ಮಾಡ್ತಿದ್ದ ಅಂದೆ. ಹೊಟ್ಟೆ ಹಿಡ್ಕೊಂಡು ನಕ್ರು."

"ಒಳಗಿನ ಹಿಡಿ ತಿರುಗಿಸಿದ್ರೆ ಬಾಗಿಲು ತೆರೀತಿತ್ತಾ?"

"ದಿನವಿಡೀ ತಿರುಗಿಸಿದ್ರೂ ಇಲ್ಲ. ಸರಳೇ ಇಲ್ವಲ್ಲ. ತಂತಿ ಕಿತ್ರೆ ಮಾತ್ರ..." ಮಿಲೋ ಬಾಯಿ ಅರ್ಧಕ್ಕೆ ನಿಂತಿತು.

"ಆವತ್ತು ಹೋಟ್ಲಲ್ಲಿ ಓಟೊ ಮಾಮ ಇದ್ರಾ?"

ಮಿಲೋ ಮುಖದ ಬಣ್ಣ ಇಳಿಯಿತು. "ಪಕ್ಕದ ಸ್ಟೂಲಲ್ಲೇ. ಅವರೂ... ಇಲ್ಲ, ಅವರು ನಗ್ಲಿಲ್ಲ."

"ತಂತಿ ಎಲ್ಲಿ?"

"ಗುಜರಿಗೆ ಹಾಕ್ದೆ."

*

ಓಟೊ ತನ್ನ ಮರಗೆಲಸದ ಶೆಡ್ಡಿನಲ್ಲಿ ಹಲಗೆಗೆ ಕೀಸುಳಿ ಹಾಕುತ್ತಿದ್ದ. ಹೊಟ್ಟು ಸುರುಳಿಸುರುಳಿಯಾಗಿ ಕಾಲಡಿ ಬಿದ್ದಿತ್ತು. ವ್ಲಾಸ್ತಾ ಒಳಗೆ ಬಂದದ್ದನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

"ಬಾ ಮಗಳೇ. ಕಾಫಿ ಇದೆ. ಕೊಲಾಚಿ ಬನ್ನೂ ಇದೆ, ಗಸಗಸೆ ತುಂಬಿದ್ದು."

"ಬೇಡ ಓಟೊ ಮಾಮ. ಆ ಹಲಗೆ ಯಾರಿಗೆ?"

"ಲುಡ್ವಿಕ್‌ಗೆ. ವರ್ನನ್ ಬಂದು ಶವಪೆಟ್ಟಿಗೆ ಹೇಳಿ ಹೋದ."

ವ್ಲಾಸ್ತಾ ಗೋಡೆಯ ಕಪಾಟಿನ ಬಿಜಾಗರಿಯ ಮೇಲೆ ಬೆರಳಾಡಿಸಿದಳು. "ನೀವು ಹಾಕಿದ ಸ್ಕ್ರೂಗಳೆಲ್ಲ ನೆಟ್ಟಗೆ ನಿಲ್ತವೆ ಅಲ್ವಾ ಮಾಮ? ಒಂದೂ ಓರೆಯಾಗಲ್ಲ."

"ಅಪ್ಪ ಕಲಿಸಿದ್ದು. ನೆಟ್ಟಗೆ ನಿಲ್ಲಿಸಿದ್ರೆ ಗೀರಲ್ಲಿ ಧೂಳು ಕೂರಲ್ಲ. ಓರೆ ಬಿಟ್ರೆ ಕೈ ಮೇಲೆ ಹೊಡೀತಿದ್ರು. ಈಗ ಬೇಕಂದ್ರೂ ಓರೆ ಬಿಡೋಕಾಗಲ್ಲ."

"ಶನಿವಾರ ರಾತ್ರೀನೂ ಆಗ್ಲಿಲ್ಲ," ಎಂದಳು ವ್ಲಾಸ್ತಾ.

ಕೀಸುಳಿ ನಿಂತಿತು.

"ಎಡಬಾಗಿಲ ತಟ್ಟೆ ಸ್ಕ್ರೂ ನಾಲ್ಕೂ ನೆಟ್ಟಗಿದಾವೆ. ಬಲಬಾಗಿಲದು ಮಿಲೋ ಹಾಕಿದ್ದು, ನಾಲ್ಕೂ ನಾಲ್ಕು ದಿಕ್ಕಿಗಿವೆ. ಒಬ್ಬನೇ ಮನುಷ್ಯ ಒಂದೇ ಸಂಜೆ ಎರಡು ಥರ ಮಾಡಲ್ಲ. ಶನಿವಾರ ಬಾಗಿಲು ಬಡಿದ್ರೆ ಕೂರ್ತಿತ್ತು, ಫಾದರ್ ಕೇಳಿದಾರೆ. ಭಾನುವಾರ ಬೆರಳಿಗೆ ಕೂತ್ಕೊಳ್ತು, ಅದನ್ನೂ ಕೇಳಿದಾರೆ. ನಡುವೆ ತಗಡು ತೆಗೆದಿದಾರೆ. ವರ್ನನ್ ಕೈ ಆದ್ರೆ ಸ್ಕ್ರೂ ತಲೇನೇ ಇರ್ತಿರ್ಲಿಲ್ಲ. ಆ ಗಾಡಿ ನಾನು ಮುಟ್ಟಲ್ಲ ಅಂತ ನೀವು ಊರಿಗೆಲ್ಲ ಹೇಳಿದ್ರಿ. ಮುಟ್ಟಿದ್ದೀರಿ ಮಾಮ. ನಿಮ್ಮ ಕೈಗುರುತು ಅಲ್ಲೇ ಬಿಟ್ಟು ಬಂದಿದೀರಿ. ಕೆಟ್ಟ ಕೆಲಸ ಮಾಡ್ಬೇಕು ಅಂತ ನಿಮ್ಮ ಮನಸ್ಸಿಗೆ ಗೊತ್ತಿತ್ತು, ಕೈಗೆ ಗೊತ್ತಿರ್ಲಿಲ್ಲ."

ಓಟೊ ಕೀಸುಳಿಯನ್ನು ಮೆತ್ತಗೆ ಪಕ್ಕಕ್ಕೆ ಮಲಗಿಸಿದ. ಅಂಗಿಯ ಜೇಬಿನಿಂದ ತಂಬಾಕಿನ ಡಬ್ಬಿ ತೆಗೆದ. ಮುಚ್ಚಳ ಬಿಚ್ಚಿ ಅವಳ ಮುಂದೆ ಹಿಡಿದ. ಒಳಗೆ ಎರಡು ಹಿತ್ತಾಳೆ ತಗಡು.

"ಬಿಸಾಕೋಕೆ ಮನಸ್ಸು ಬರ್ಲಿಲ್ಲ," ಎಂದ. "ಮಿಲೋ ಅಂಚು ಚೆನ್ನಾಗಿ ಕತ್ತರಿಸಿದ್ದ."

ವ್ಲಾಸ್ತಾ ಡಬ್ಬಿ ಈಸಿಕೊಂಡಳು.

"ತಂತಿ ವಿಷಯ ಕೇಳಿದ ದಿನದಿಂದ ನಿದ್ದೆ ಇಲ್ಲ ಮಗಳೇ," ಎಂದ ಓಟೊ. "ಇಷ್ಟು ವರ್ಷ ನನ್ನ ಮಗನ್ನ ನಾನೇ ಬೈಕೊಂಡಿದ್ದೆ. ಯಾಕೋ ಆ ಹಿಡಿ ಮುಟ್ಟಿದೆ, ಮುಠ್ಠಾಳ ಅಂತ. ಸಮಾಧಿ ಮುಂದೆ ನಿಂತು ಬೈದಿದೀನಿ. ಅವನ ಅಮ್ಮ ಅದೇ ಕೊರಗಲ್ಲಿ ಸತ್ಲು. ಆ ಹಿಡಿ ಮುಟ್ಟಿದ್ರೂ ತೆರೀತಿರ್ಲಿಲ್ಲ. ಲುಡ್ವಿಕ್‌ಗೆ ಗೊತ್ತಿತ್ತು. ಗೊತ್ತಿದ್ದೂ ಹುಡುಗನ್ನ ಅಲ್ಲಿ ಕೂರಿಸಿದ. ಗೊತ್ತಿದ್ದೂ ಬೈಬಲ್ ಮುಟ್ಟಿ ಸುಳ್ಳು ಹೇಳ್ದ."

"ನನ್ನ ಹತ್ರ ಬರ್ಬಾರದಿತ್ತಾ?"

"ಅವನ ಹತ್ರ ಹೋದೆ, ಮೊದ್ಲು. ಶನಿವಾರ ಕುಣಿತದ ಹಾಲ್‌ನಲ್ಲಿ. ಎಲ್ಲರ ಎದುರಿಗಲ್ಲ, ಕೋಟು ನೇತುಹಾಕೋ ಮೂ‍ಲೇಲಿ. ಲುಡ್ವಿಕ್, ಅದು ತಂತಿ ಕಟ್ಟಿದ ಬಾಗಿಲಂತೆ, ಹೌದಾ ಅಂದೆ. ನಿಜ ಹೇಳು ಸಾಕು, ಕಾಗದದಲ್ಲಿರೋ ನನ್ನ ಮಗನ ತಪ್ಪು ಅಳಿಸಿದ್ರೆ ಸಾಕು, ಇನ್ನೇನೂ ಬೇಡ ಅಂದೆ. ನಕ್ಬಿಟ್ಟ. ಬಾಗಿಲು ತೆಗೆದಿದ್ದು ನಿನ್ನ ಮಗ, ಬೇಕಿದ್ರೆ ಹೋಗಿ ಅವನನ್ನೇ ಕೇಳ್ಕೋ ಅಂದ."

ಓಟೊ ಹಲಗೆಯ ಮೇಲಿನ ಹೊಟ್ಟನ್ನು ಅಂಗೈಯಿಂದ ಸವರಿ ಕೆಳಗೆ ತಳ್ಳಿದ.

"ನಾನ್ಯಾಕೆ ಕೇಳ್ಲಿ? ನೀನೇ ಕೇಳ್ಕೊಂಡ್ ಬಾ ಅಂತ ಅವನನ್ನೇ ಕಳಿಸ್ದೆ."

"ಭಾನುವಾರ ಪೂಜೇಲಿ ಅವನ ಕೈ ಕುಲುಕಿದ್ರಂತೆ."

"ಕುಲುಕಿದೆ. ಶಾಂತಿ ನಿನ್ನೊಂದಿಗಿರಲಿ ಅಂದೆ. ಮನಸಾರೆ ಅಂದೆ. ಮೊದಲನೇ ಸಲ."

ವ್ಲಾಸ್ತಾ ಡಬ್ಬಿ ಮುಚ್ಚಿ ಜೇಬಿಗಿಳಿಸಿದಳು. ಇನ್ನೊಂದು ಕೇಳಲೇಬೇಕಿತ್ತು. "ಮಿಲೋ ಒಳಗಿದಾನೆ ಮಾಮ. ಇವತ್ತು ಮಧ್ಯಾಹ್ನ ಜಡ್ಜ್ ಮುಂದೆ. ನಿಮಗೆ ಗೊತ್ತಿತ್ತು. ಸುಮ್ನಿರ್ತಿದ್ರಾ?"

ಓಟೊನ ಕಣ್ಣು ಮೊದಲ ಬಾರಿಗೆ ಕೆಂಪಾಯಿತು. "ಅವನು ನನ್ನ ಮಗನ ಸಾವನ್ನ ಬೀರಿನ ಜೊತೆ ನಂಚ್ಕೊಂಡ. ಕೂತ್ಕೊಳ್ಲಿ ಅನ್ಕೊಂಡೆ. ಯಾವಾಗ ಬಿಡಿಸ್ಬೇಕು ಅಂತ ಯೋಚ್ನೆ ಮಾಡಿರ್ಲಿಲ್ಲ."

ವ್ಲಾಸ್ತಾ ಅವನನ್ನು ಬೈಯಬೇಕೆಂದು ಬಾಯಿ ತೆರೆದಳು. ಬೈಯಲು ಆಗಲಿಲ್ಲ. ನಿನ್ನೆ ಮಧ್ಯಾಹ್ನದಿಂದ ಅವಳೂ ಅದನ್ನೇ ಅಂದುಕೊಂಡಿದ್ದಳಲ್ಲ. ಕೋಳ ತೆಗೆದಳು. ಓಟೊ ತಾನಾಗಿಯೇ ಎರಡೂ ಕೈ ಮುಂದೆ ಚಾಚಿದ.

"ಪೆಟ್ಟಿಗೆ ಅರ್ಧ ಆಗಿದೆ," ಎಂದ. "ಬೇರೆ ಯಾರಾದ್ರೂ ಮುಗಿಸ್ಲಿ. ಅವನಿಗೆ ಓರೆ ಸ್ಕ್ರೂನೇ ಸಾಕು."

*

ಓಟೊ ಎಲ್ಲವನ್ನೂ ಒಪ್ಪಿಕೊಂಡ. ಶೆರಿಫ್ ಬಾರ್ಟಾ ತಗಡುಗಳನ್ನು ತಟ್ಟೆಯ ಹಿಂದೆ ಇಟ್ಟು ನೋಡಿದ. ಅಚ್ಚು ಹೊಯ್ದ ಹಾಗೆ ಕೂತವು. ಅವನು ನಗಲಿಲ್ಲ.

ವ್ಲಾಸ್ತಾ ಲಾಕಪ್ಪಿನ ಮುಂದೆ ಬಂದಾಗ ಮಿಲೋ ಆಗಲೇ ಬೂಟಿನ ಲೇಸು ಕಟ್ಟಿಕೊಂಡು ತಯಾರಾಗಿದ್ದ.

"ನಂಗೆ ಗೊತ್ತಿತ್ತು ಮಾರಾಯ್ತಿ, ನೀನು ನನ್ನ ಕೈ ಬಿಡಲ್ಲ ಅಂತ."

"ನಿನ್ನ ಕೈ ಹಿಡಿಯೋಕೆ ಬಂದಿಲ್ಲ." ಸರಳುಗಳ ಸಂದಿನಿಂದ ಒಂದು ಬಿಳಿ ಹಾಳೆ, ಒಂದು ಪೆನ್ನು ಒಳಗೆ ತಳ್ಳಿದಳು. "ಬರಿ. ಬಲಬಾಗಿಲು ಬಿಚ್ಚಿದಾಗ ಒಳಗೆ ಏನಿತ್ತು, ಏನಿರ್ಲಿಲ್ಲ, ಎಲ್ಲಾ ಬರಿ. ಕೋರ್ಟಲ್ಲಿ ನಿಂತು ಹೇಳ್ತೀನಿ ಅಂತನೂ ಬರಿ."

"ವರ್ನನ್ ನನ್ನ ಸುಮ್ನೆ ಬಿಡ್ತಾನಾ? ಸತ್ತ ಅಪ್ಪನ ಮರ್ಯಾದೆ ತೆಗೆದೆ ಅಂತ ಶೆಡ್ಡೇ ಸುಟ್ಟಾಕ್ತಾನೆ. ಅಂಗಡಿ ಮುಚ್ಕೊಂಡು ಊರು ಬಿಡ್ಬೇಕಾಗುತ್ತೆ!"

"ಬಿಡು. ಊರು ಬಿಡೋದು ನಿಂಗೇನು ಹೊಸದಾ?"

"ವ್ಲಾಸ್ತಾ, ನಾನೇನು ತಪ್ಪು ಮಾಡಿದೀನಿ? ಕಾನೂನಿನ ಪ್ರಕಾರ ಏನು ತಪ್ಪು?"

"ಏನೂ ಇಲ್ಲ," ಎಂದಳು. ಅವಳ ದನಿ ಏರಿತು. "ಅದೇ ನನ್ನ ಹೊಟ್ಟೆ ಉರಿ. ಒಂದು ಹುಡುಗನ ಸಾವಿನ ಸಾಕ್ಷಿ ನಿನ್ನ ಕೈಗೆ ಸಿಕ್ತು. ನೀನದನ್ನ ನನ್ನ ಮೇಜಿನ ಮೇಲೆ ತಂದಿಡ್ಲಿಲ್ಲ. ಹೋಟ್ಲಲ್ಲಿ ನಗೆಗೆ ಹಾಕ್ದೆ. ತಂದಿಟ್ಟಿದ್ರೆ ಲುಡ್ವಿಕ್ ಕೋರ್ಟಲ್ಲಿ ಇರ್ತಿದ್ದ, ಓಟೊ ಮಾಮ ಇವತ್ತು ಬೆಂಚು ಮಾಡ್ತಿರ್ತಿದ್ರು. ನಿಂಗೆ ಶಿಕ್ಷೆ ಕೊಡೋ ಕಲಂ ಪುಸ್ತಕದಲ್ಲಿಲ್ಲ. ಆದ್ರೆ ಈ ಬೀಗದ ಕೈ ನನ್ನ ಹತ್ರ ಇದೆ. ಬರಿ."

ಮಿಲೋ ಅವಳ ಮುಖ ನೋಡಿದ. ಮಂಚದ ಮೇಲೆ ಕೂತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದ. ಬಹಳ ಹೊತ್ತು ಹಿಡಿಯಿತು. ಅವಳು ಎದುರಿನ ಸ್ಟೂಲಿನ ಮೇಲೆ ಅಲುಗಾಡದೆ ಕೂತಿದ್ದಳು.

ಬರೆದು ಕೊಟ್ಟದ್ದನ್ನು ಓದಿದಳು. ತುಂಡಾದ ಸರಳು ಇತ್ತು. ತುಕ್ಕು ತಂತಿ ಇತ್ತು. ಹಾಳೆಯನ್ನು ವಾಪಸ್ ತಳ್ಳಿದಳು.

"ಇನ್ನೊಂದು ಸಾಲು ಸೇರಿಸು. ಬೋಹುಶ್ ಹ್ಲಾವ್ಕಾ ಆ ಬಾಗಿಲು ತೆಗೀಲಿಲ್ಲ, ತೆಗೆಯೋಕೆ ಸಾಧ್ಯವೇ ಇರ್ಲಿಲ್ಲ ಅಂತ. ಹೆಸರು ಪೂರ್ತಿ ಬರಿ."

ಮಿಲೋ ಬರೆದ. ಕೆಳಗೆ ಸಹಿ ಹಾಕಿದ.

ವ್ಲಾಸ್ತಾ ಎದ್ದು ಬೀಗ ತೆಗೆದಳು.